ಮುಂಗಡದ ಊಟ, ಮೇಲಣ ಭಕ್ಷೀಸು

ಹಂಪಿಯ ಬಳಿ ಕಮಲಾಪುರದಲ್ಲಿರುವ ಸರಕಾರಿ ಜಂಗಲ್ ಲಾಡ್ಜಸ್‌ನಂತಹ ಕಡೆ ಕೋಣೆ, ಊಟ, ಸಫಾರಿ ಎಲ್ಲಕ್ಕೂ ಹಣವನ್ನು ಮುಂಗಡವಾಗಿ ತೆತ್ತಿರುತ್ತೇವೆ. ಆದರೂ ಉಂಡು ಏಳುವಾಗ ಕೈ ಜೇಬಿಗೆ ಹೋಗುತ್ತದೆ: ಬಡಿಸಿದವನಿಗೆ ಭಕ್ಷೀಸು ಕೊಡಬೇಕೆ, ಬೇಡವೆ? ಹೋಟೆಲುಗಳು ಸೇವಾಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ವಿಧಿಸಿತು. 2025ರಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕೊಡುವುದು ಉಣ್ಣುವವನ ಇಷ್ಟ. ಇಷ್ಟವೆಂದ ಮೇಲೆ ತೊಡಕು ಕಳೆಯಿತೆ? ಹೆಚ್ಚಿತೆನ್ನಿ.

ನಮ್ಮ ವಳಕಮದಿನ್ನಿಯಂಥ ಹಳ್ಳಿಗಳಿಂದ ಸಿಂಧನೂರಿಗೆ ಓದಲು ಹೋದ ಹುಡುಗರು ಖಾನಾವಳಿಗೆ ತಿಂಗಳ ಹಣವನ್ನು ಮೊದಲೇ ಕಟ್ಟಿ ಉಣ್ಣುತ್ತಾರೆ. ಅದೂ ಮುಂಗಡದ ಊಟವೇ. ಅಲ್ಲಿ ‘ಇನ್ನೊಂದ್ ರೊಟ್ಟಿ ತಗೋಪಾ’ ಎನ್ನುವ ಅವ್ವನ ಕೈಗೆ ಹತ್ತು ರೂಪಾಯಿ ಇಟ್ಟು ನೋಡಿ! ಆಕೆಗೆ ಹಣ ಬೇಡವೆಂದಲ್ಲ. ಹುಡುಗನ ಜ್ವರ, ಪರೀಕ್ಷೆ ಎಲ್ಲ ಆಕೆಗೆ ಗೊತ್ತು. ನಾಳೆಯೂ ಅವನ ಮುಖ ನೋಡಬೇಕು. ಭಕ್ಷೀಸೆಂಬುದು, ಮತ್ತೆ ಕಾಣೆವೆಂದು ಖಾತ್ರಿಯಾದವರಿಗೆ ನಾವು ಕೊಡುವ ಹಣವೋ ಏನೋ.

ದೊಡ್ಡ ವಸತಿಗಳಲ್ಲಿ ನಾನಂತೂ ಕೊಡುತ್ತೇನೆ. ಹೊಟ್ಟೆಪಾಡಿಗೆ ದುಡಿಯುವವನ ಮುಂದೆ ಸಿದ್ಧಾಂತ ಹೂಡಲಾರೆ. ಆದರೆ ಮೊದಲು ಅವನ ಊರು ಯಾವುದೆಂದು ಕೇಳುವ ಚಟ ನನಗಿದೆ. ಕೇಳಿದ ಮೇಲೆ ನೋಟು ಚಾಚುವುದು ಕಷ್ಟವಾಗುತ್ತದೆ.