ಕಾಣದ ಸಂಖ್ಯೆಯ ಕೊನೆಯ ಅಂಕಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಪರಿಚಿತವಾದ ಬಗೆಯ ಲೆಕ್ಕವಿದು: 7ರ ನೂರನೆಯ ಘಾತದ ಕೊನೆಯ ಅಂಕಿ ಯಾವುದು? 85 ಅಂಕಿಗಳ ಆ ಸಂಖ್ಯೆಯನ್ನು ಯಾರೂ ಬರೆದು ನೋಡುವುದಿಲ್ಲ. ಕೊನೆಯ ಅಂಕಿಗಳು 7, 9, 3, 1 ಎಂದು ಮರುಕಳಿಸುತ್ತವೆ, 100ನ್ನು 4ರಿಂದ ಭಾಗಿಸಿದರೆ ಶೇಷ ಸೊನ್ನೆ, ಉತ್ತರ 1. ಕಾಣದ್ದನ್ನು ಹೀಗೆ ಹೇಳುವುದು ಜ್ಞಾನವೇ?

ಪ್ರತ್ಯಕ್ಷವೊಂದೇ ಪ್ರಮಾಣ, ಅಂದರೆ ಜ್ಞಾನದ ಸಾಧನ, ಎನ್ನುವ ಚಾರ್ವಾಕ ದಾರ್ಶನಿಕರು ಒಪ್ಪಲಾರರು. ಕೆಲವು ಸಲ ಕಂಡದ್ದು ಎಂದೆಂದಿಗೂ ನಿಜವೇ ಎಂದು ಕೇಳಿಯಾರು. ಹೊಗೆ ಕಂಡು ಬೆಂಕಿಯನ್ನು ಊಹಿಸುವಲ್ಲಿ ಈ ಆಕ್ಷೇಪಕ್ಕೆ ತೂಕವಿದೆ, ಇಲ್ಲಿಲ್ಲ. ಗುಣಲಬ್ಧದ ಕೊನೆಯ ಅಂಕಿಯನ್ನು ನಿರ್ಧರಿಸುವುದು ಗುಣಿಸುವ ಸಂಖ್ಯೆಗಳ ಕೊನೆಯ ಅಂಕಿಗಳಷ್ಟೇ; 1 ಬಂದ ಮೇಲೆ ಸರಣಿ ಮೊದಲಿನಿಂದ ಶುರುವಾಗಲೇಬೇಕು. ಈ ಕಾರಣ ತಿಳಿದವರದು ಅನುಮಾನ ಪ್ರಮಾಣ, ಅಂದರೆ ತರ್ಕದಿಂದ ಪಡೆದ ತಿಳಿವು. ಉಪಾಯವನ್ನಷ್ಟೇ ಬಾಯಿಪಾಠ ಮಾಡಿದವರದು ನಂಬಿಕೆ. ಅಂಕ ಇಬ್ಬರಿಗೂ ಸಮ. ಜ್ಞಾನ ಮೊದಲಿನವರಿಗೆ ಮಾತ್ರ.