ಮೌನವೂ ಸತ್ಯವೇ?

ಸತ್ಯವನ್ನು ನುಡಿಯಬೇಕೆಂಬುದು ಸರ್ವರೂ ಒಪ್ಪಿದ ನೀತಿ. ಆದರೆ ನುಡಿದ ಸತ್ಯವು ನಿರಪರಾಧಿಯ ಪ್ರಾಣಕ್ಕೆ ಎರವಾಗುವಲ್ಲಿ ಬಾಯಿ ಮುಚ್ಚಿದವನನ್ನು ಅಸತ್ಯವಂತನೆನ್ನಬಹುದೆ? ಈ ಪ್ರಶ್ನೆಯು ಗ್ರಂಥಗಳಲ್ಲಿ ಮಾತ್ರವೇ ಹುಟ್ಟುವುದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ಲೊವೇನಿಯ ದೇಶದ ದೊಲೆನ್ಯಿ ನೊವಾಕಿಯೆಂಬ ಪುಟ್ಟ ಹಳ್ಳಿಯ ಒಕ್ಕಲುಮಕ್ಕಳು ಅದನ್ನು ದಿನನಿತ್ಯ ಎದುರಿಸಬೇಕಾಯಿತು.

1943ರ ಸೆಪ್ಟೆಂಬರಿನಲ್ಲಿ ಇಟಲಿಯು ಶರಣಾಗತವಾದ ಮೇಲೆ ಆ ಪ್ರಾಂತಕ್ಕೆ ಜರ್ಮನ್ ಸೈನ್ಯವು ನುಗ್ಗಿತು. ಅದೇ ಡಿಸೆಂಬರಿನಲ್ಲಿ, ಆಕ್ರಮಣಕಾರರನ್ನು ಎದುರಿಸುತ್ತಿದ್ದ ಪಾರ್ಟಿಜಾನ್ ಯೋಧರು ಹಳ್ಳಿಯ ಸಮೀಪದ ಪಾಸಿತ್ಸ ಕಮರಿಯಲ್ಲಿ ಗುಪ್ತ ಆಸ್ಪತ್ರೆಯೊಂದನ್ನು ಕಟ್ಟಿದರು. ಅದನ್ನು ನಡೆಸಿದ ವೈದ್ಯೆ ಫ್ರಾನ್ಯಾ ಬೋಯ್ತ್ಸ್ ಬಿದೋವೆತ್ಸ್ ಅವರ ಹೆಸರೇ ಅದಕ್ಕೆ ನಿಂತಿತು. ಹಳ್ಳಿಗರು ಆಹಾರವನ್ನು ಒದಗಿಸಿದರು; ಗುಟ್ಟನ್ನು ಕಾಪಾಡಿದರು. ಬಯಲಾದರೆ ಒದಗುವ ಗತಿ ಯಾರಿಗೂ ತಿಳಿಯದುದಲ್ಲ. 1942ರ ಜನವರಿಯಲ್ಲಿ ಅದೇ ದೇಶದ ದ್ರಾಷ್‌ಗೋಶೆ ಗ್ರಾಮದ 41 ಮಂದಿಯನ್ನು ಜರ್ಮನರು ಕೊಂದು ಮನೆಗಳನ್ನು ಸುಟ್ಟಿದ್ದರು.

ಗುಟ್ಟೆಂಬುದು ತಾನಾಗಿ ಪುಣ್ಯವಲ್ಲ, ಕಳ್ಳನಿಗೂ ಗುಟ್ಟುಂಟು. ಅದು ಯಾರನ್ನು ಕಾಯುತ್ತದೆಂಬುದೇ ಅದರ ಒರೆಗಲ್ಲು. ಕಳ್ಳನ ಮೌನವು ಕಳ್ಳನನ್ನೇ ಕಾಯುವುದು. ಈ ಹಳ್ಳಿಗರ ಮೌನವಾದರೋ ಅವರನ್ನೇ ಅಪಾಯಕ್ಕೊಡ್ಡಿ, ಹೆಸರರಿಯದ ಪರರನ್ನು ಕಾಯಿತು. ಆ ಆಸ್ಪತ್ರೆಯಲ್ಲಿ ಸ್ಲೊವೇನಿಯದವರಲ್ಲದೆ ಇಟಲಿಯವರೂ ರಷ್ಯದವರೂ ಅಮೆರಿಕದವರೂ ಆರೈಕೆ ಪಡೆದರು. ಸೆರೆ ಸಿಕ್ಕಿದ ಜರ್ಮನ್ ಸೈನಿಕನಿಗೂ ಅಲ್ಲಿ ಚಿಕಿತ್ಸೆ ದೊರೆಯಿತು. ಹಗೆಯ ಗಾಯಕ್ಕೂ ಪಟ್ಟಿ ಕಟ್ಟಿದ ಕೈಗಳನ್ನು ಕಾಯ್ದ ಮೌನವು ದಯೆಯ ಪಕ್ಷದ್ದಲ್ಲದೆ ಸುಳ್ಳಿನ ಪಕ್ಷದ್ದಾದೀತೆ?

ಗಾಯಾಳುಗಳನ್ನು ರಾತ್ರಿ ಕಣ್ಣು ಕಟ್ಟಿ, ಹೆಜ್ಜೆಯ ಗುರುತುಳಿಯದಂತೆ ಹೊಳೆಯ ನೀರಿನಲ್ಲೇ ನಡೆದು ಹೊತ್ತು ತರುತ್ತಿದ್ದರು. ಇದು ಅಪನಂಬಿಕೆಯೆಂದು ತೋರಬಹುದು. ವಿಚಾರಿಸಿ ನೋಡಿದರೆ ಅದೂ ಕರುಣೆಯೇ. ಮನುಷ್ಯನು ದುರ್ಬಲನು, ಚಿತ್ರಹಿಂಸೆಗೆ ಸಿಕ್ಕಿದವನು ಕಂಡುದನ್ನು ಒದರಿಬಿಟ್ಟಾನು. ಕಾಣದುದನ್ನು ಯಾರೂ ಅವನ ಬಾಯಿಂದ ಕಸಿಯಲಾರರು. ಪರರ ದೌರ್ಬಲ್ಯವನ್ನು ಮೊದಲೇ ಅರಿತು, ಅವರು ದ್ರೋಹಿಗಳಾಗದಂತೆ ತಡೆಯುವುದು ದೊಡ್ಡ ಉಪಕಾರ.

1945ರ ಮೇ ತಿಂಗಳವರೆಗೂ ಶತ್ರುಗಳಿಗೆ ಆ ಸ್ಥಳವು ಸಿಕ್ಕಲಿಲ್ಲ. 500ಕ್ಕೂ ಹೆಚ್ಚು ಮಂದಿ ತೀವ್ರ ಗಾಯಾಳುಗಳು ಅಲ್ಲಿ ಚಿಕಿತ್ಸೆ ಪಡೆದಿದ್ದರು. ಯುದ್ಧಾನಂತರ ಅದೊಂದು ವಸ್ತುಸಂಗ್ರಹಾಲಯವಾಯಿತು. 2007ರ ಪ್ರವಾಹವು ಗುಡಿಸಲುಗಳನ್ನು ಕೊಚ್ಚಿಕೊಂಡು ಹೋದಾಗ ಮರಳಿ ಕಟ್ಟಿ 2010ರಲ್ಲಿ ತೆರೆದರು.

ಅಂದು ಅಡಗಿಸುವುದು ಧರ್ಮವಾಗಿತ್ತು. ಇಂದು ತೋರಿಸುವುದು ಧರ್ಮವಾಗಿದೆ. ಜೀವವನ್ನು ಕಾಯುವಷ್ಟು ಕಾಲ ಮೌನವು ಸತ್ಯದ ಸೇವಕನು. ಅಪಾಯ ಕಳೆದ ಮೇಲೂ ಬಾಯಿ ತೆರೆಯದಿದ್ದರೆ ಅದೇ ಮೌನವು ಮರೆವಿಗೆ ಆಳಾಗುವುದು.