ನಮ್ಮ ಶಾಸಕರು ‘ಹೌದು’ ಎಂದರೋ, ‘ಇಲ್ಲ’ ಎಂದರೋ?



ನಿಮ್ಮ ಧರ್ಮಕೇಂದ್ರದ ಹಬ್ಬದ ದಿನವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಹಬ್ಬದ ಬಲಿಪೂಜೆ ಮುಗಿದಿದೆ. ತೇರು ಬೀದಿ ಸುತ್ತಿ ಬಂದಿದೆ. ದೇವಾಲಯದ ಅಂಗಳದಲ್ಲಿ ಸಭಾ ಕಾರ್ಯಕ್ರಮ. ಮುಖ್ಯ ಅತಿಥಿಗಳು ಕ್ಷೇತ್ರದ ಶಾಸಕರು. ಒಂದು ಗಂಟೆ ತಡವಾಗಿ ಬಂದರೂ ಯಾರಿಗೂ ಬೇಸರವಿಲ್ಲ. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲವೂ ಸಿದ್ಧ. “ನಾನೂ ಕಾನ್ವೆಂಟ್ ಶಾಲೆಯಲ್ಲೇ ಓದಿದವನು, ಸಿಸ್ಟರ್‌ಗಳ ಋಣ ನನ್ನ ಮೇಲಿದೆ” ಎನ್ನುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ನಮ್ಮ ಸ್ಮಶಾನಕ್ಕೆ ಕಾಂಪೌಂಡ್ ಗೋಡೆ ಕಟ್ಟಿಸಿಕೊಡುವುದಾಗಿ ಹೇಳುತ್ತಾರೆ. ಚಪ್ಪಾಳೆ ಇನ್ನೂ ಜೋರಾಗುತ್ತದೆ. ಹೇಳಿದಂತೆ ಗೋಡೆಯೂ ಏಳುತ್ತದೆ, ಅದರ ಮೇಲೆ ಅವರ ಹೆಸರಿನ ಕಲ್ಲೂ ಕೂರುತ್ತದೆ.

ಮುಂದಿನ ಚುನಾವಣೆ ಬಂದಾಗ ಪೂಜೆ ಮುಗಿಸಿ ಹೊರಬರುವ ಹಿರಿಯರು ಹೇಳುವುದೇನು? “ಒಳ್ಳೆಯ ಮನುಷ್ಯ. ನಮಗೆ ಗೋಡೆ ಕಟ್ಟಿಸಿಕೊಟ್ಟಿದ್ದಾರೆ. ಉಂಡ ಮನೆಗೆ ಎರಡು ಬಗೆಯಬಾರದು.”

ಈ ಮಾತಿನಲ್ಲಿ ಕೃತಜ್ಞತೆ ಇದೆ. ಕೃತಜ್ಞತೆ ಒಳ್ಳೆಯ ಗುಣವೇ. ಆದರೆ ನಾನು ನಿಮ್ಮನ್ನು ಒಂದು ಪ್ರಶ್ನೆ ಕೇಳಬೇಕು. ಆ ಶಾಸಕರು ಕಳೆದ ಐದು ವರ್ಷಗಳಲ್ಲಿ ವಿಧಾನಸಭೆಯಲ್ಲಿ ಯಾವ ಕಾನೂನಿಗೆ ‘ಹೌದು’ ಎಂದರು? ಯಾವುದಕ್ಕೆ ‘ಇಲ್ಲ’ ಎಂದರು? ಯಾವ ಚರ್ಚೆಯಲ್ಲಿ ಎದ್ದು ನಿಂತು ಮಾತನಾಡಿದರು? ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ.

ಗೋಡೆಯನ್ನು ಯಾವ ಗುತ್ತಿಗೆದಾರ ಬೇಕಾದರೂ ಕಟ್ಟಬಲ್ಲ. ಅದರ ಹಣವೂ ನಾವು ನೀವು ಕಟ್ಟಿದ ತೆರಿಗೆಯದೇ. ಉಂಡವರು ಯಾರು, ಉಂಡ ಮನೆ ಯಾರದು ಎಂದು ಯೋಚಿಸಿ ನೋಡಿ. ಆದರೆ ಸದನದಲ್ಲಿ ನಮ್ಮ ಪರವಾಗಿ ‘ಹೌದು’ ಅಥವಾ ‘ಇಲ್ಲ’ ಎನ್ನುವ ಕೆಲಸವನ್ನು ನಮ್ಮ ಕ್ಷೇತ್ರದಿಂದ ಮತ್ತೊಬ್ಬರು ಮಾಡಲಾರರು. ನಾವು ಅವರನ್ನು ಆರಿಸಿ ಕಳಿಸಿದ್ದು ಮುಖ್ಯವಾಗಿ ಅದಕ್ಕೇ.

ಶುಭಸಂದೇಶದಲ್ಲಿ ಒಬ್ಬ ಸಭಾಸದಸ್ಯ

ಇದು ರಾಜಕೀಯ, ಇದಕ್ಕೂ ವಿಶ್ವಾಸಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಅಂಥವರು ಸಂತ ಲೂಕರ ಶುಭಸಂದೇಶದ 23ನೇ ಅಧ್ಯಾಯದ ಕೊನೆಯ ಭಾಗವನ್ನು ತೆರೆದು ನೋಡಬೇಕು. ಪ್ರತಿ ಪವಿತ್ರ ವಾರದಲ್ಲಿ ನಾವು ಅರಿಮತಾಯದ ಯೋಸೇಫನ ಹೆಸರನ್ನು ಕೇಳುತ್ತೇವೆ. ಯೇಸುಸ್ವಾಮಿಯ ಪಾರ್ಥಿವ ಶರೀರಕ್ಕೆ ಸಮಾಧಿ ಒದಗಿಸಿದ ಪುಣ್ಯಾತ್ಮ ಎಂದು ಅವನನ್ನು ನೆನೆಯುತ್ತೇವೆ. ಆದರೆ ಲೂಕರು ಮೊದಲು ಬರೆಯುವುದು ಸಮಾಧಿಯ ವಿಷಯವನ್ನಲ್ಲ. ಈತ ನ್ಯಾಯಸಭೆಯ ಸದಸ್ಯನಾಗಿದ್ದ, ಸಜ್ಜನನಾಗಿದ್ದ, ಸಭೆಯವರ ತೀರ್ಮಾನಕ್ಕೂ ಅವರು ಮಾಡಿದ ಕೃತ್ಯಕ್ಕೂ ಒಪ್ಪಿಗೆ ಕೊಟ್ಟಿರಲಿಲ್ಲ ಎಂದು ಮೊದಲು ತಿಳಿಸುತ್ತಾರೆ. ಸಮಾಧಿಯ ಮಾತು ಬರುವುದು ಆಮೇಲೆ.

ನಾವು ಬರೆದಿದ್ದರೆ ಹೇಗೆ ಬರೆಯುತ್ತಿದ್ದೆವು? “ಶ್ರೀಯುತ ಯೋಸೇಫರು ಸಮಾಧಿಯನ್ನು ದಾನ ಮಾಡಿದರು” ಎಂದು ಕಲ್ಲು ಕೆತ್ತಿಸಿ ಸುಮ್ಮನಾಗುತ್ತಿದ್ದೆವು. ಸಭೆಯಲ್ಲಿ ಆತ ಏನು ಮಾಡಿದ ಎಂದು ಕೇಳುತ್ತಲೇ ಇರಲಿಲ್ಲ.

ಇನ್ನೊಂದು ವಿಷಯವನ್ನು ಗಮನಿಸಿ. ಯೋಸೇಫನ ಅಸಮ್ಮತಿಯಿಂದ ತೀರ್ಪು ಬದಲಾಗಲಿಲ್ಲ. ಯೇಸುಸ್ವಾಮಿಯನ್ನು ಶಿಲುಬೆಗೆ ಏರಿಸಿಯೇ ಏರಿಸಿದರು. ಲೋಕದ ಲೆಕ್ಕದಲ್ಲಿ ಅದು ವ್ಯರ್ಥವಾದ ಅಸಮ್ಮತಿ. ಆದರೂ ಪವಿತ್ರ ಗ್ರಂಥ ಅದನ್ನು ಬರೆದಿಟ್ಟಿದೆ. “ಇವರೊಬ್ಬರು ‘ಇಲ್ಲ’ ಎಂದರೆ ಏನಾಗುತ್ತಿತ್ತು?” ಎಂದು ನಮ್ಮ ಶಾಸಕರ ಪರವಾಗಿ ವಾದಿಸುವಾಗ ಈ ಮಾತು ನಮ್ಮ ನೆನಪಿನಲ್ಲಿರಲಿ.

ಪ್ರೇಷಿತರ ಕಾರ್ಯಕಲಾಪಗಳ 26ನೇ ಅಧ್ಯಾಯದಲ್ಲಿ ಇದಕ್ಕೆ ವಿರುದ್ಧವಾದ ಮತ್ತೊಂದು ದಾಖಲೆ ಇದೆ. ಅರಸ ಅಗ್ರಿಪ್ಪನ ಮುಂದೆ ನಿಂತ ಸಂತ ಪೌಲರು, ಭಕ್ತರನ್ನು ಕೊಲ್ಲಿಸುವ ಕಾಲದಲ್ಲಿ ತಾವೂ ಅದಕ್ಕೆ ಸಮ್ಮತಿಯ ಮತ ಕೊಟ್ಟಿದ್ದಾಗಿ ತಾವೇ ಒಪ್ಪಿಕೊಳ್ಳುತ್ತಾರೆ. ಅವರನ್ನು ಯಾರೂ ಒತ್ತಾಯಿಸಿರಲಿಲ್ಲ. “ಎಲ್ಲರೂ ಸೇರಿ ಮಾಡಿದ ತೀರ್ಮಾನ, ನಾನೊಬ್ಬ ಏನು ಮಾಡಲಿ” ಎಂದು ಅವರು ನುಣುಚಿಕೊಳ್ಳಲಿಲ್ಲ. ತಾವು ಕೊಟ್ಟ ಮತ ತಮ್ಮದೇ ಎಂದರು. ಹಾಗೆ ಒಪ್ಪಿಕೊಂಡವರಿಗೆ ಮನಪರಿವರ್ತನೆಯ ದಾರಿಯೂ ತೆರೆದಿರುತ್ತದೆ.

ಧ್ವನಿಮತದ ಮರೆಯಲ್ಲಿ

ಈಗ ನಮ್ಮ ಸದನಗಳ ಕಡೆಗೆ ಬರೋಣ. ಶಾಸಕರು ಹೇಗೆ ಮತ ಕೊಟ್ಟರೆಂದು ತಿಳಿಯಲು ಹೊರಟರೆ ನಮಗೆ ಎದುರಾಗುವ ಮೊದಲ ತೊಡಕು ಧ್ವನಿಮತ. ಸಭಾಧ್ಯಕ್ಷರು ವಿಧೇಯಕವನ್ನು ಮತಕ್ಕೆ ಹಾಕುತ್ತಾರೆ. ಒಪ್ಪುವವರು ‘ಹೌದು’ ಎನ್ನುತ್ತಾರೆ, ಒಪ್ಪದವರು ‘ಇಲ್ಲ’ ಎನ್ನುತ್ತಾರೆ. ಯಾವ ಕಡೆಯ ಧ್ವನಿ ಹೆಚ್ಚೆಂದು ತೋರುತ್ತದೋ ಆ ಕಡೆಗೆ ಜಯ. ಸದಸ್ಯರು ಪಟ್ಟು ಹಿಡಿದು ವಿಭಜನೆ ಕೇಳಿದಾಗ ಮಾತ್ರ ಎಣಿಕೆ ನಡೆಯುತ್ತದೆ. ಇಲ್ಲವಾದರೆ ಯಾರು ಯಾವ ಕಡೆ ಎಂಬುದು ಆ ಗದ್ದಲದಲ್ಲೇ ಕರಗಿಹೋಗುತ್ತದೆ.

23 ಡಿಸೆಂಬರ್ 2021. ನಾವೆಲ್ಲ ಗೋದಲಿ ಕಟ್ಟುತ್ತಿದ್ದ ದಿನ, ಕ್ರಿಸ್ತಜಯಂತಿಗೆ ಎರಡು ದಿನ ಮುಂಚೆ. ಮತಾಂತರಕ್ಕೆ ಸಂಬಂಧಿಸಿದ ವಿಧೇಯಕವನ್ನು ಬೆಳಗಾವಿಯ ಅಧಿವೇಶನದಲ್ಲಿ ವಿಧಾನಸಭೆ ಅಂಗೀಕರಿಸಿತು. ನಮ್ಮ ಧರ್ಮಾಧ್ಯಕ್ಷರು ಅದನ್ನು ಬಹಿರಂಗವಾಗಿ ವಿರೋಧಿಸಿದ್ದರು. ಅಂಗೀಕಾರವಾದದ್ದು ಧ್ವನಿಮತದಿಂದ. 2022ರ ಸೆಪ್ಟೆಂಬರಿನಲ್ಲಿ ವಿಧಾನ ಪರಿಷತ್ತಿನಲ್ಲೂ ಹಾಗೆಯೇ ಆಯಿತು. ಗರ್ಭಪಾತಕ್ಕೆ ಕೆಲವು ವರ್ಗದ ಸ್ತ್ರೀಯರಿಗಿದ್ದ ಮಿತಿಯನ್ನು 20 ವಾರಗಳಿಂದ 24 ವಾರಗಳಿಗೆ ಏರಿಸಿದ ತಿದ್ದುಪಡಿಯನ್ನು ಲೋಕಸಭೆ 2020ರ ಮಾರ್ಚ್‌ನಲ್ಲಿ, ರಾಜ್ಯಸಭೆ 2021ರ ಮಾರ್ಚ್‌ನಲ್ಲಿ ಒಪ್ಪಿದವು. ಅವೂ ಧ್ವನಿಮತಗಳೇ. ಜೀವ ಮತ್ತು ಮನಸ್ಸಾಕ್ಷಿ, ಈ ಎರಡೂ ದೊಡ್ಡ ವಿಷಯಗಳಲ್ಲಿ ನಮ್ಮ ಪ್ರತಿನಿಧಿಯ ಹೆಸರಿನ ಮುಂದೆ ‘ಹೌದು’ ಇದೆಯೋ ‘ಇಲ್ಲ’ ಇದೆಯೋ ಎಂದು ಹುಡುಕಿದರೆ ಸಿಗುವುದಿಲ್ಲ.

ಇದಕ್ಕೆ ಹೋಲಿಸಿ ನೋಡಿ. 23 ಜುಲೈ 2019ರಂದು ಅಂದಿನ ಸಮ್ಮಿಶ್ರ ಸರ್ಕಾರದ ವಿಶ್ವಾಸಮತ ಯಾಚನೆ ನಡೆದಾಗ ವಿಧಾನಸಭೆಯಲ್ಲಿ ಒಂದೊಂದೇ ತಲೆ ಎಣಿಸಿದರು. ಪರವಾಗಿ 99, ವಿರುದ್ಧವಾಗಿ 105. ಕುರ್ಚಿಯ ಪ್ರಶ್ನೆ ಬಂದಾಗ ತಲೆ ಎಣಿಸುತ್ತಾರೆ. ಜನರ ಬದುಕಿನ ಪ್ರಶ್ನೆ ಬಂದಾಗ ಧ್ವನಿ ಸಾಕು. ಇದು ಒಂದು ಪಕ್ಷದ ತಪ್ಪಲ್ಲ, ಎಲ್ಲ ಪಕ್ಷಗಳ ಸರ್ಕಾರಗಳೂ ನಡೆದುಬಂದ ದಾರಿ.

ಎರಡನೆಯ ತೊಡಕು ಪಕ್ಷದ ವಿಪ್. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ ಪ್ರಕಾರ, ಪಕ್ಷದ ಆದೇಶ ಮೀರಿ ಮತ ಕೊಟ್ಟವರು, ಅಥವಾ ಮತ ಕೊಡದೆ ಉಳಿದವರು, ಪಕ್ಷ ಕ್ಷಮಿಸದಿದ್ದರೆ ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಹಣಕ್ಕಾಗಿ, ಪದವಿಗಾಗಿ ಪಕ್ಷದಿಂದ ಪಕ್ಷಕ್ಕೆ ಹಾರುವುದನ್ನು ತಡೆಯಲು ಬಂದ ಕಾನೂನು ಅದು. ಉದ್ದೇಶ ಒಳ್ಳೆಯದೇ. ಆದರೆ ಹಾರುವ ಕಾಲಿಗೆ ಹಾಕಿದ ಹಗ್ಗ ಮನಸ್ಸಾಕ್ಷಿಯ ಕೊರಳಿಗೂ ಬಿತ್ತು.

ಹಾಗಾದರೆ ಶಾಸಕರು ನಿರ್ದೋಷಿಗಳೇ? ಪೂರ್ತಿ ಅಲ್ಲ. ವಿಪ್ ಕಟ್ಟುವುದು ಮತವನ್ನು. ಮತಕ್ಕೆ ಮುಂಚೆ ಪಕ್ಷದ ಸಭೆಯಲ್ಲಿ “ಇದು ಸರಿಯಲ್ಲ” ಎಂದು ಹೇಳುವ ನಾಲಗೆಯನ್ನು ಅದು ಕಟ್ಟುವುದಿಲ್ಲ. ರಾಜಕಾರಣಿಗಳ ಪಾಲಕ ಸಂತರೆಂದು ಜಗದ್ಗುರು ಎರಡನೇ ಜಾನ್ ಪೌಲರು 2000ದಲ್ಲಿ ಘೋಷಿಸಿದ ಸಂತ ಥಾಮಸ್ ಮೋರರು, ಅರಸನ ಇಚ್ಛೆಗೂ ತಮ್ಮ ಮನಸ್ಸಾಕ್ಷಿಗೂ ಹೊಂದಾಣಿಕೆ ಆಗದಾಗ 1532ರಲ್ಲಿ ಇಂಗ್ಲೆಂಡಿನ ಅತ್ಯುನ್ನತ ಪದವಿಯನ್ನು ಬಿಟ್ಟುಕೊಟ್ಟರು. 1535ರಲ್ಲಿ ತಲೆಯನ್ನೂ ಕೊಟ್ಟರು. ನಮ್ಮವರ ತಲೆಯನ್ನು ಯಾರೂ ಕೇಳುತ್ತಿಲ್ಲ. ಹೆಚ್ಚೆಂದರೆ ಸ್ಥಾನ ಹೋದೀತು.

ಮಾತು ಮತ್ತು ಮತ, ಎರಡೂ ಬೇಕು

ಬರೀ ಮತವನ್ನು ನೋಡಿ ತೀರ್ಪು ಕೊಡುವುದೂ ಅವಸರವೇ. ಜಗದ್ಗುರು ಎರಡನೇ ಜಾನ್ ಪೌಲರು 1995ರ ‘ಜೀವದ ಶುಭಸಂದೇಶ’ ಎಂಬ ವಿಶ್ವಪತ್ರದಲ್ಲಿ (73ನೇ ವಿಭಾಗ) ಒಂದು ಸೂಕ್ಷ್ಮವಾದ ಸಂದರ್ಭವನ್ನು ಎತ್ತಿಕೊಳ್ಳುತ್ತಾರೆ. ಗರ್ಭಪಾತಕ್ಕೆ ಅನುಮತಿ ಕೊಡುವ ಕಾನೂನನ್ನು ಪೂರ್ತಿ ರದ್ದು ಮಾಡಲು ಸಾಧ್ಯವಿಲ್ಲದ ಕಡೆ, ಅದರ ಕೇಡನ್ನು ತಗ್ಗಿಸುವ ಪ್ರಸ್ತಾವಕ್ಕೆ ಶಾಸನಕರ್ತನು ಬೆಂಬಲ ಕೊಡಬಹುದೇ? ಕೊಡಬಹುದು ಎನ್ನುತ್ತಾರೆ, ಆದರೆ ಗರ್ಭಪಾತಕ್ಕೆ ಆತನ ಸಂಪೂರ್ಣ ವಿರೋಧ ಎಲ್ಲರಿಗೂ ತಿಳಿದಿರಬೇಕು.

ಇದರಲ್ಲಿ ನಮಗೂ ಒಂದು ಅಳತೆಗೋಲು ಸಿಗುತ್ತದೆ. ಪೂರ್ತಿ ಒಳ್ಳೆಯದು ಸಿಗದಾಗ ಅರ್ಧಕ್ಕೆ ಒಪ್ಪಿದವರನ್ನೆಲ್ಲ ಅವಕಾಶವಾದಿ ಎನ್ನಬೇಡಿ. ಅವರು ಮೊದಲಿನಿಂದ ಏನು ಹೇಳುತ್ತ ಬಂದಿದ್ದಾರೆ ಎಂದು ನೋಡಿ. ಮಾತಿನ ಹಿನ್ನೆಲೆಯಲ್ಲಿ ಮತವನ್ನೂ, ಮತದ ಬೆಳಕಿನಲ್ಲಿ ಮಾತನ್ನೂ ಓದಿ. ಹಬ್ಬದ ವೇದಿಕೆಯಲ್ಲಿ ಒಂದು ಮಾತು, ಸದನದಲ್ಲಿ ಇನ್ನೊಂದು ಮಾತು ಆದರೆ ಆಗ ಎಚ್ಚರಗೊಳ್ಳಿ. ತಂದೆ ತೋಟಕ್ಕೆ ಕಳಿಸಿದ ಇಬ್ಬರು ಮಕ್ಕಳ ಸಾಮತಿ ನಿಮಗೆ ಗೊತ್ತೇ ಇದೆ. ಹೋಗುತ್ತೇನೆಂದು ಹೇಳಿ ಹೋಗದವನು ಒಬ್ಬ. ಒಲ್ಲೆ ಎಂದು ಹೇಳಿ ಆಮೇಲೆ ಹೋದವನು ಇನ್ನೊಬ್ಬ. ತಂದೆಯ ಇಷ್ಟವನ್ನು ನೆರವೇರಿಸಿದವನು ಯಾರೆಂದು ಯೇಸುಸ್ವಾಮಿ ಕೇಳಿದರು.

‘ನಮ್ಮವರು’ ಎಂಬ ಮೋಹ

ಅಭ್ಯರ್ಥಿ ನಮ್ಮ ಧರ್ಮದವರೇ ಆದರೆ ಲೆಕ್ಕ ಕೇಳುವುದು ಇನ್ನೂ ಕಷ್ಟ. ಮಂಗಳೂರಿನಲ್ಲಿ ಹುಟ್ಟಿ, ಗುರುವಾಗಲು ಬೆಂಗಳೂರಿನ ಗುರುಮಠ ಸೇರಿ, ಅದನ್ನು ತೊರೆದು ಕಾರ್ಮಿಕ ನಾಯಕರಾದ ಜಾರ್ಜ್ ಫರ್ನಾಂಡಿಸರನ್ನು (1930–2019) ನೆನಪಿಸಿಕೊಳ್ಳಿ. 1977ರಲ್ಲಿ ಸೆರೆಮನೆಯಲ್ಲಿದ್ದುಕೊಂಡೇ ಮುಜಫ್ಫರಪುರದಿಂದ ಲೋಕಸಭೆಗೆ ಗೆದ್ದ ಧೀರರು. ಕೊಂಕಣ ರೈಲಿನಲ್ಲಿ ಕೂತಾಗ ನಮ್ಮ ಕರಾವಳಿಯ ಜನ ಅವರನ್ನು ಇಂದಿಗೂ ನೆನೆಯುತ್ತಾರೆ. ಆದರೆ 1979ರ ಜುಲೈನಲ್ಲಿ ಅವರು ಮೊರಾರ್ಜಿ ದೇಸಾಯಿ ಸರ್ಕಾರವನ್ನು ಅವಿಶ್ವಾಸ ಗೊತ್ತುವಳಿಯ ಚರ್ಚೆಯಲ್ಲಿ ಪ್ರಬಲವಾಗಿ ಸಮರ್ಥಿಸಿ ಮಾತನಾಡಿದರು. ಕೆಲವೇ ದಿನಗಳಲ್ಲಿ ಅದೇ ಸರ್ಕಾರವನ್ನು ಬಿಟ್ಟು ಹೊರನಡೆದರು. ಒಬ್ಬರ ಅಂತರಂಗವನ್ನು ಬಲ್ಲವನು ದೇವರೊಬ್ಬನೇ. ಅವರನ್ನು ಖಂಡಿಸಲೆಂದು ಇದನ್ನು ಬರೆಯುತ್ತಿಲ್ಲ. ಆದರೆ ರೈಲು ಹಾದಿಯನ್ನು ನೆನೆಯುವ ನಾವು ಆ ಜುಲೈ ತಿಂಗಳನ್ನು ಮರೆತಿದ್ದರೆ, ನಮ್ಮ ತಕ್ಕಡಿ ಸರಿಯಿಲ್ಲ.

ಇದೇ ಮಂಗಳೂರಿನಲ್ಲಿ 1897ರಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜರು ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದರು. ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಸ್ಥಾನ ಮೀಸಲು ಬೇಡ ಎಂಬ ತೀರ್ಮಾನ 1949ರ ಮೇ ತಿಂಗಳಲ್ಲಿ ಚರ್ಚೆಗೆ ಬಂದಾಗ ಅವರು ಅದನ್ನು ಬೆಂಬಲಿಸಿದರು. ತಮ್ಮ ಜನಕ್ಕೆ ಸಿಗಬಹುದಾಗಿದ್ದ ಸ್ಥಾನಗಳನ್ನು ಬಿಟ್ಟುಕೊಟ್ಟ ನಿಲುವು ಅದು. ಅದು ಸರಿಯೋ ತಪ್ಪೋ ಎಂದು ಇಂದಿಗೂ ವಾದಿಸಬಹುದು. ಆದರೆ ಅವರ ನಿಲುವು ಏನೆಂದು ಎಲ್ಲರಿಗೂ ಗೊತ್ತಿತ್ತು. ಪ್ರತಿನಿಧಿಯೊಬ್ಬರು ನಮಗೆ ಏನು ಕೊಟ್ಟರು ಎಂಬುದರ ಜೊತೆಗೆ, ಎಲ್ಲರ ಹಿತಕ್ಕಾಗಿ ನಮ್ಮಿಂದ ಏನನ್ನು ಬಿಡಿಸಿದರು ಎಂದೂ ಕೇಳುವಷ್ಟು ದೊಡ್ಡ ಮನಸ್ಸು ನಮಗಿದೆಯೇ?

ನಮ್ಮ ಮನೆಯಿಂದಲೇ ಆರಂಭ

ವಿಶ್ವಾಸವೇ ಬೇರೆ, ದಿನನಿತ್ಯದ ಬಾಳೇ ಬೇರೆ ಎಂದು ಭಾವಿಸುವುದು ನಮ್ಮ ಕಾಲದ ಗಂಭೀರ ತಪ್ಪುಗಳಲ್ಲಿ ಒಂದು ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಎಚ್ಚರಿಸಿದೆ. ಧರ್ಮಸಭೆ ನಮಗೆ ಇಂಥ ಪಕ್ಷಕ್ಕೇ ಮತ ಹಾಕಿ ಎಂದು ಹೇಳುವುದಿಲ್ಲ, ಹೇಳಲೂಬಾರದು. ತಿಳಿದು, ಯೋಚಿಸಿ, ಪ್ರಾರ್ಥಿಸಿ ಮತ ಹಾಕಿ ಎನ್ನುತ್ತದೆ.

ಹಾಗಾಗಿ ಒಂದು ಸಣ್ಣ ಕೆಲಸವನ್ನು ಸೂಚಿಸುತ್ತೇನೆ. ಮುಂದಿನ ಸಲ ಶಾಸಕರನ್ನು ಹಬ್ಬಕ್ಕೆ ಕರೆದಾಗ, ಅಥವಾ ಅವರೇ ಮತ ಕೇಳಲು ಮನೆ ಬಾಗಿಲಿಗೆ ಬಂದಾಗ, ಕೂರಿಸಿ ಕಾಫಿ ಕೊಡಿ. ಮರ್ಯಾದೆ ತಪ್ಪಬೇಡಿ. ಆಮೇಲೆ ವಿನಯದಿಂದ ಕೇಳಿ: “ಆ ವಿಧೇಯಕ ಬಂದ ದಿನ ತಾವು ಸದನದಲ್ಲಿದ್ದಿರಾ? ತಾವು ‘ಹೌದು’ ಎಂದಿರೋ, ‘ಇಲ್ಲ’ ಎಂದಿರೋ? ಯಾಕೆ?” ನಮ್ಮ ಸಭೆಗೆ ಸಂಬಂಧಿಸಿದ ಕಾನೂನಿನ ಬಗ್ಗೆ ಮಾತ್ರ ಕೇಳಿ ನಿಲ್ಲಿಸಬೇಡಿ. ಕೂಲಿಯವರ, ರೈತರ, ದಲಿತರ, ಹುಟ್ಟಲಿರುವ ಶಿಶುವಿನ, ಹಾಸಿಗೆ ಹಿಡಿದ ವೃದ್ಧರ ಬಗ್ಗೆಯೂ ಕೇಳಿ. ಕಡೆಯ ತೀರ್ಪಿನ ದಿನ ಪ್ರಭು ನಮ್ಮನ್ನು ವಿಚಾರಿಸುವುದು ಹಸಿದವರ, ಬಾಯಾರಿದವರ, ಸೆರೆಯಲ್ಲಿದ್ದವರ ಬಗ್ಗೆಯೇ. ಧರ್ಮಕೇಂದ್ರದ ಪಾಲನಾ ಸಮಿತಿಯವರು ಇಂಥ ಪ್ರಶ್ನೆಗಳನ್ನು ಪತ್ರ ಬರೆದು ಕೇಳಬಹುದು, ಬಂದ ಉತ್ತರವನ್ನು ಸೂಚನಾ ಫಲಕದಲ್ಲಿ ಹಾಕಬಹುದು. ಉತ್ತರ ಬಾರದಿದ್ದರೆ ಅದೂ ಒಂದು ಉತ್ತರವೇ. ಮಕ್ಕಳ ಮುಂದೆಯೇ ಈ ಪ್ರಶ್ನೆಗಳನ್ನು ಕೇಳಿ. ಮತವೆಂದರೆ ಗೋಡೆಯ ಬೆಲೆಯಲ್ಲ ಎಂದು ಅವರು ಕಲಿಯುವುದು ನಮ್ಮನ್ನು ನೋಡಿಯೇ.

ಕೊನೆಗೆ ನಮ್ಮ ಲೆಕ್ಕವೂ ಇದೆ. ಶಾಸಕರಿಗೆ ಧ್ವನಿಮತದ ಮರೆ ಇದ್ದರೆ ನಮಗೆ ಗುಪ್ತ ಮತದಾನದ ಮರೆ ಇದೆ. ಯಾರಿಗೆ ಹಾಕಿದೆವು, ಯಾತಕ್ಕಾಗಿ ಹಾಕಿದೆವು ಎಂದು ಯಾರೂ ಕೇಳಲಾರರು. ಹಣ ತೆಗೆದುಕೊಂಡೆವೋ, ಜಾತಿ ನೋಡಿದೆವೋ, ಭಯಪಟ್ಟೆವೋ, ಮನೆಯಲ್ಲೇ ಉಳಿದೆವೋ ಎಂಬುದು ನಮಗೂ ದೇವರಿಗೂ ಮಾತ್ರ ಗೊತ್ತು. ಪಾಪನಿವೇದನೆಗೆ ಮುನ್ನ ಮಾಡುವ ಆತ್ಮಪರಿಶೋಧನೆಯಲ್ಲಿ ಕೋಪ, ಸುಳ್ಳು, ಪೂಜೆ ತಪ್ಪಿಸಿದ್ದು ಎಲ್ಲವೂ ನೆನಪಾಗುತ್ತದೆ. ನಾವು ಹಾಕಿದ ಮತ ಎಂದಾದರೂ ನೆನಪಾಗಿದೆಯೇ?

ಅರಿಮತಾಯದ ಯೋಸೇಫನು ಸಭೆಯಲ್ಲಿ ಒಪ್ಪಿಗೆ ಕೊಡದೆ ಉಳಿದ ಕೈಗಳಿಂದಲೇ ಪ್ರಭುವಿನ ಶರೀರವನ್ನು ಶಿಲುಬೆಯಿಂದ ಇಳಿಸಿಕೊಂಡನು. ಅಂಥ ಶುದ್ಧವಾದ ಕೈಗಳನ್ನು ನಮ್ಮ ಪ್ರತಿನಿಧಿಗಳಿಗೂ, ಅವರನ್ನು ಆರಿಸುವ ನಮಗೂ ದೇವರು ದಯಪಾಲಿಸಲಿ.